ಅರ್ಧಕ್ಕೆ ನಿಂತ ಶವಸಂಸ್ಕಾರ

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಪ್ರಶ್ನೆ: ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸ ಮಾಡುತ್ತಿದ್ದೇನೆ. ನಂಬಿಕೆಯಿದ್ದರೆ ಈ ನಲವತ್ತು ದಿನ ಬಿಪಿ ಮಾತ್ರೆಯೂ ಬೇಡ ಎಂದು ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳಿದರು. ಬಿಟ್ಟು ಹದಿನೈದು ದಿನವಾಯಿತು. ತಲೆ ಸುತ್ತುತ್ತದೆ. ಏನು ಮಾಡಲಿ?
– ಓದುಗಿ, ಗದಗ

ಉತ್ತರ: ಪತ್ರಿಕೆಯನ್ನು ಮಡಚಿಟ್ಟು ಈಗಲೇ ಹೋಗಿ ಬಿಪಿ ತೋರಿಸಿಕೊಳ್ಳಿ, ಮಾತ್ರೆಯ ಚೀಟಿಯೂ ಜೊತೆಯಲ್ಲಿರಲಿ. ಕೆಲವು ಬಿಪಿ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಒತ್ತಡ ಮೊದಲಿದ್ದುದಕ್ಕಿಂತಲೂ ಮೇಲಕ್ಕೆ ಹಾರುತ್ತದೆ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಪ್ರಾಟೆಸ್ಟಂಟ್ ಪಂಥಕ್ಕೆ ಅಡಿಪಾಯ ಹಾಕಿದ ಜರ್ಮನಿಯ ಮಾರ್ಟಿನ್ ಲೂಥರ್ ಊರು ಬಿಟ್ಟು ಓಡಲಿಲ್ಲ. ಆದರೆ ಆ ದಿನಗಳಲ್ಲಿ ಆತ ಬರೆದದ್ದರ ಸಾರ ಇದು: ದೇವರನ್ನು ಬೇಡಿಕೊಳ್ಳುತ್ತೇನೆ, ಮನೆಗೆ ಹೊಗೆ ಹಾಕುತ್ತೇನೆ, ಔಷಧಿ ಕೊಡುತ್ತೇನೆ, ನಾನೂ ಕುಡಿಯುತ್ತೇನೆ, ನನ್ನ ಅಗತ್ಯವಿಲ್ಲದ ಕಡೆಗೆ ಹೋಗುವುದಿಲ್ಲ. ನಿಮ್ಮ ಹಿರಿಯರ ನಂಬಿಕೆ ಲೂಥರನದಕ್ಕಿಂತ ದೊಡ್ಡದೇ ಇರಬಹುದು. ಮಾತ್ರೆ ಬಿಡುವುದಾದರೆ ಅವರು ತಮ್ಮದನ್ನು ಬಿಡಲಿ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ. 2021ರ ಮೇ ತಿಂಗಳಲ್ಲಿ ನನ್ನ ಹೆಂಡತಿ ಕೋವಿಡ್‌ನಿಂದ ತೀರಿಕೊಂಡಳು. ವೆಂಟಿಲೇಟರ್ ಹಾಕಿದ ಮೇಲೆ ರೆಮ್‌ಡಿಸಿವಿರ್ ತರಲು ಚೀಟಿ ಕೊಟ್ಟರು. ಹುಬ್ಬಳ್ಳಿ, ದಾವಣಗೆರೆ ಎಂದು ಎರಡು ದಿನ ಅಲೆದೆ. ಬೇಕಾಗಿದ್ದುದು ಆರು ಬಾಟಲಿ, ಸಿಕ್ಕಿದ್ದು ಎರಡು. ಅವನ್ನು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾವು ಲಿಂಗಾಯತರು. ಅವಳನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡಬೇಕಾಗಿತ್ತು. ಚೀಲದಲ್ಲಿ ಸುತ್ತಿ ಮಲಗಿಸಿ ಹೂತರು. ನಾನು ದೂರದಲ್ಲಿ ನಿಂತಿದ್ದೆ. ಆ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ತಂದಿದ್ದರೆ ಅವಳು ಉಳಿಯುತ್ತಿದ್ದಳೇ? ನೀವು ಕ್ರೈಸ್ತರು, ಅಷ್ಟು ಸಾವು ನೋಡಿದವರು. ಸತ್ತವನು ಎದ್ದು ಬಂದನೆಂಬ ಹಬ್ಬವನ್ನು ಹೇಗೆ ಮಾಡುತ್ತೀರಿ? ಆಸ್ಪತ್ರೆಯ ಕಾಗದಗಳ ನಕಲು ಕಳಿಸಿದ್ದೇನೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮಾಸ್ತರರೇ, ಇಂಜೆಕ್ಷನ್ ವಿಷಯ ಮೊದಲು. ಅದಕ್ಕೆ ನನ್ನಲ್ಲಿ ಉತ್ತರವಿದೆ.

ಅವರು ಸತ್ತದ್ದು ನೀವು ತಡ ಮಾಡಿದ್ದರಿಂದಲ್ಲ. ರೆಮ್‌ಡಿಸಿವಿರ್ ವೈರಾಣು ಹೆಚ್ಚದಂತೆ ತಡೆಯುವ ಔಷಧಿ. ವೆಂಟಿಲೇಟರ್‌ವರೆಗೆ ಬಂದ ರೋಗಿಯಲ್ಲಿ ಶ್ವಾಸಕೋಶವನ್ನು ಕೆಡಿಸುತ್ತಿರುವುದು ಬಹುಮಟ್ಟಿಗೆ ದೇಹದ್ದೇ ಉರಿಯೂತ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಸಾಲಿಡಾರಿಟಿ ಪ್ರಯೋಗದ ಕೊನೆಯ ಲೆಕ್ಕ 2022ರಲ್ಲಿ ಬಂತು. ಬರೀ ಆಮ್ಲಜನಕದ ಮೇಲಿದ್ದವರಿಗೆ ಈ ಔಷಧಿಯಿಂದ ಅಲ್ಪಸ್ವಲ್ಪ ಪ್ರಯೋಜನ ಕಂಡಿತು, ವೆಂಟಿಲೇಟರ್ ಮೇಲಿದ್ದವರಿಗೆ ಕಾಣಲಿಲ್ಲ. ನೀವು ಆರೂ ಬಾಟಲಿಗಳನ್ನು ಅರ್ಧ ಗಂಟೆಯಲ್ಲಿ ತಂದಿದ್ದರೂ ಅಷ್ಟೇ.

ಆಗ ಪ್ರಾಣ ಉಳಿಸುತ್ತದೆಂದು ಖಚಿತವಾಗಿದ್ದ ಔಷಧಿ ಡೆಕ್ಸಾಮೆಥಾಸೋನ್, ಕೆಲವೇ ರೂಪಾಯಿಗಳ ಹಳೆಯ ಸ್ಟೆರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಅದನ್ನು ತೋರಿಸಿಕೊಟ್ಟಿತ್ತು. ನಿಮ್ಮ ಹೆಂಡತಿಯ ಕಾಗದದಲ್ಲಿ ಮೊದಲ ದಿನದಿಂದಲೇ ದಿನಕ್ಕೆ 6 ಮಿಲಿಗ್ರಾಂ ಬರೆದಿದೆ, ಪ್ರತಿದಿನ ಕೊಟ್ಟದ್ದಕ್ಕೆ ಸಹಿಯೂ ಇದೆ. ಅದನ್ನು ಪಡೆದರೂ ಆ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದ ನೂರು ಜನರಲ್ಲಿ 29 ಮಂದಿ 28 ದಿನದೊಳಗೆ ತೀರಿಕೊಂಡರು.

ಹಾಗಾದರೆ ಚೀಟಿ ಯಾಕೆ ಬರೆದುಕೊಟ್ಟರು ಎಂದು ಕೇಳುತ್ತೀರಿ. ಅಂಥ ಚೀಟಿಗಳನ್ನು ನಾನೂ ಬರೆದಿದ್ದೇನೆ. ಈ ಔಷಧಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿಯೇ ಸಲಹೆ ಕೊಟ್ಟದ್ದು ಓದಿಯೂ ಬರೆದೆ. ವಾರ್ಡಿನ ಬಾಗಿಲಲ್ಲಿ ಮಗನೋ ಗಂಡನೋ ಕೈಮುಗಿದು ನಿಂತು ‘ಇನ್ನೇನಾದರೂ ಇದೆಯೇ’ ಎಂದಾಗ ಇಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಚೀಟಿ ಬರೆದರೆ ಅವರಿಗೆ ಓಡಾಡಲು ಒಂದು ಕೆಲಸ ಸಿಗುತ್ತಿತ್ತು, ನನಗೆ ಅವರ ಮುಖ ನೋಡುವುದು ತಪ್ಪುತ್ತಿತ್ತು. ನೀವು ಅಲೆದ ಎರಡು ದಿನಗಳ ಹೊರೆಯನ್ನು ನನ್ನಂಥವರ ತಲೆಗೆ ಹಾಕಿ.

ಇನ್ನು ಹಬ್ಬ. ನಾನು ಬಾಸೆಲ್ ಮಿಷನ್ ಪರಂಪರೆಯ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವಳು. ನಮ್ಮಲ್ಲಿ ಈಸ್ಟರ್ ದಿನ ಇನ್ನೂ ಕತ್ತಲಿರುವಾಗಲೇ ಸಮಾಧಿಭೂಮಿಗೆ ಹೋಗಿ, ಸತ್ತವರ ನಡುವೆ ನಿಂತು, ಸೂರ್ಯ ಮೂಡುವ ಹೊತ್ತಿಗೆ ಕೀರ್ತನೆ ಹಾಡುತ್ತೇವೆ. 2020ರ ಏಪ್ರಿಲ್ 12ರಂದು ಲಾಕ್‌ಡೌನ್ ಇದ್ದುದರಿಂದ ಅಡುಗೆಮನೆಯಲ್ಲಿ ಮೊಬೈಲ್ ಮುಂದೆ ಹಾಡಿದೆವು. ಮರುವರ್ಷ ಏಪ್ರಿಲ್ 4ರಂದು ಮಾಸ್ಕ್ ಹಾಕಿಕೊಂಡು ಅಪ್ಪ ಅಮ್ಮನ ಸಮಾಧಿಯ ಬಳಿ ನಿಂತು, ಅಲ್ಲಿಂದ ನೇರವಾಗಿ ವಾರ್ಡಿಗೆ ಹೋದೆ. ಎರಡು ಡೋಸ್ ಲಸಿಕೆ ಆಗಿತ್ತು, ಧೈರ್ಯವಿತ್ತು. ಒಂದು ತಿಂಗಳೊಳಗೆ ನಾನು ರಾತ್ರಿಯಿಡೀ ಭಾಗಾಕಾರ ಮಾಡುತ್ತಿದ್ದೆ: ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ, ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್ ಎಳೆದರೆ ಎರಡು ಗಂಟೆಯೂ ಬಾರದು. ಅದೇ ಸಿಲಿಂಡರನ್ನು ನಿಮಿಷಕ್ಕೆ 15 ಲೀಟರಿನ ಮಾಸ್ಕಿಗೆ ಕೊಟ್ಟರೆ ಏಳು ಗಂಟೆ ದಾಟುತ್ತದೆ. ಹಾಗಾದರೆ ಯಾರಿಗೆ? ಆ ಭಾಗಾಕಾರದ ಮಧ್ಯೆ ಪ್ರಾರ್ಥಿಸಿದ್ದೂ ಉಂಟು. ಲೆಕ್ಕದ ಉತ್ತರ ಬದಲಾಗಲಿಲ್ಲ.

ಮುಂದೆ ಸಭೆಯಲ್ಲಿ ನನ್ನನ್ನು ಸಾಕ್ಷಿ ಹೇಳಲು ಕರೆದರು, ದೇವರು ನಿಮ್ಮನ್ನು ಕಾಪಾಡಿದ ಬಗೆಯನ್ನು ಹೇಳಿ ಎಂದು. ಒಲ್ಲೆ ಎಂದೆ. ಹನ್ನೊಂದನೆಯ ಹಾಸಿಗೆಯವರು ಮನೆಗೆ ಹೋದರು, ಹನ್ನೆರಡನೆಯವರು ಹೋಗಲಿಲ್ಲ. ಇಬ್ಬರ ಮನೆಯಲ್ಲಿಯೂ ಮೊಣಕಾಲೂರಿ ಬೇಡಿಕೊಂಡಿದ್ದರು. ದೇವರು ನನ್ನನ್ನು ಉಳಿಸಿದನು ಎಂದು ನಾನು ಮೈಕಿನಲ್ಲಿ ಹೇಳಿದರೆ, ಹನ್ನೆರಡನೆಯವರ ಮಗಳು ಮೂರನೆಯ ಬೆಂಚಿನಲ್ಲಿ ಕುಳಿತು ಕೇಳಬೇಕಿತ್ತು. ಸಭಾಪಾಲಕರಿಗೆ ಬೇಸರವಾಯಿತು. ಆಗಲಿ.

ಆದರೂ ಸಮಾಧಿಭೂಮಿಗೆ ಹೋಗುವುದನ್ನು ಬಿಟ್ಟಿಲ್ಲ. ಪುನರುತ್ಥಾನವನ್ನು ನಂಬುತ್ತೇನೆ, ನಿಮ್ಮನ್ನು ನಂಬಿಸುವ ಉದ್ದೇಶವಿಲ್ಲ. ಆ ಕಥೆ ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಹೇಗೆ ಶುರುವಾಗುತ್ತದೆಂದು ಮಾತ್ರ ಹೇಳುತ್ತೇನೆ. ಯೇಸು ಸತ್ತದ್ದು ಶುಕ್ರವಾರ. ಸಂಜೆಯಾದರೆ ಸಬ್ಬತ್, ಯೆಹೂದ್ಯರ ವಿಶ್ರಾಂತಿಯ ದಿನ, ಯಾವ ಕೆಲಸವನ್ನೂ ಮಾಡುವಂತಿಲ್ಲ. ಅರಿಮಥಾಯದ ಯೋಸೇಫ ಗಡಿಬಿಡಿಯಲ್ಲಿ ನಾರುಬಟ್ಟೆ ಸುತ್ತಿ, ಗವಿಯಲ್ಲಿಟ್ಟು, ಬಾಗಿಲಿಗೆ ಕಲ್ಲು ಉರುಳಿಸಿದ. ಮಗ್ದಲದ ಮರಿಯಳು ಮತ್ತು ಇನ್ನೊಬ್ಬ ಮರಿಯಳು ಎಲ್ಲಿಟ್ಟರೆಂದು ನೋಡುತ್ತಾ ನಿಂತಿದ್ದರು. ನೋಡುತ್ತಾ ನಿಂತದ್ದು, ಅಷ್ಟೇ. ನಿಮ್ಮ ಪತ್ರ ಓದುವಾಗ ನೆನಪಾದದ್ದು ಆ ಸಾಲು. ಸಬ್ಬತ್ ಕಳೆದ ಮೇಲೆ ಅವರು ಸುಗಂಧದ್ರವ್ಯ ಕೊಂಡು, ಭಾನುವಾರ ಬೆಳಗಾಗುತ್ತಲೇ ಹೊರಟರು. ಹಬ್ಬಕ್ಕಲ್ಲ, ಹೆಣಕ್ಕೆ ಮಾಡಬೇಕಾದದ್ದು ಬಾಕಿ ಉಳಿದಿತ್ತು ಎಂದು. ಕಲ್ಲು ಸರಿಸುವವರು ಯಾರು ಎಂದು ದಾರಿಯಲ್ಲಿ ಮಾತಾಡಿಕೊಂಡರು, ಆದರೂ ಹಿಂದಿರುಗಲಿಲ್ಲ. ಬಹಳ ಹಳೆಯ ಹಸ್ತಪ್ರತಿಗಳಲ್ಲಿ ಈ ಕಥೆ, ಗವಿಯಲ್ಲಿ ‘ಆತ ಎದ್ದಿದ್ದಾನೆ’ ಎಂಬ ಮಾತು ಕೇಳಿ ಅವರು ಹೆದರಿ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ನಿಲ್ಲುತ್ತದೆ.

ಹೆದರಿಕೆಯ ಬಗ್ಗೆ ನಾನೂ ಒಂದು ಹೇಳಬೇಕು. ಆ ಮೇ ತಿಂಗಳಲ್ಲಿ ಒಬ್ಬ ಹುಡುಗ ಅಂಗೈಯಲ್ಲಿ ಬೆಳ್ಳಿಯ ಕರಡಿಗೆ ಹಿಡಿದು ವಾರ್ಡಿನ ಹೊರಗೆ ನಿಂತಿದ್ದ. ‘ಅಜ್ಜನ ಲಿಂಗ. ನೀವೇ ಕೈಯಲ್ಲಿಟ್ಟುಬಿಡಿ, ನಾನು ಒಳಗೆ ಬರುವುದಿಲ್ಲ’ ಎಂದ. ನಿಯಮವಿಲ್ಲ ಎಂದುಬಿಟ್ಟೆ. ಕೇಂದ್ರ ಆರೋಗ್ಯ ಸಚಿವಾಲಯದ 2020ರ ಮಾರ್ಚ್ ತಿಂಗಳ ಮಾರ್ಗಸೂಚಿಯನ್ನು ಆಮೇಲೆ ತೆಗೆದು ಓದಿದೆ. ಸಿಬ್ಬಂದಿ ಚೀಲದ ಜಿಪ್ ಸರಿಸಿ ಮುಖ ತೋರಿಸಬಹುದು, ಮನೆಯವರು ದೇಹ ಮುಟ್ಟದೆ ಮಂತ್ರ ಓದಬಹುದು, ತೀರ್ಥ ಚಿಮುಕಿಸಬಹುದು ಎಂದಿತ್ತು. ಮೈತುಂಬ ಕಿಟ್ ತೊಟ್ಟು, ಎರಡು ಜೊತೆ ಕೈಗವಸು ಹಾಕಿಕೊಂಡಿದ್ದವಳು ನಾನು. ಎರಡು ನಿಮಿಷದ ಕೆಲಸವಾಗಿತ್ತು.

ನಿಮ್ಮ ಹೆಂಡತಿಯ ಇಷ್ಟಲಿಂಗ ಈಗ ಎಲ್ಲಿದೆಯೆಂದು ಪತ್ರದಲ್ಲಿ ಬರೆದಿಲ್ಲ. ಮನೆಯಲ್ಲಿಯೇ ಇದ್ದರೆ ನಿಮ್ಮ ಅಯ್ಯನವರನ್ನು ಕರೆದು, ಆ ಸಮಾಧಿಯ ಬಳಿ ಈಗ ಏನು ಮಾಡಬಹುದು ಎಂದು ಕೇಳಿ. ಅದು ನಾನು ಹೇಳುವ ಮಾತಲ್ಲ. ತಡವಾಯಿತೆಂದು ಮಾತ್ರ ಬಿಡಬೇಡಿ. ಹೋಗುವ ದಿನ ನನ್ನನ್ನು ಕರೆದರೆ ಬರುತ್ತೇನೆ, ಭಾನುವಾರ ಮಧ್ಯಾಹ್ನ ನನಗೆ ಡ್ಯೂಟಿ ಇರುವುದಿಲ್ಲ.