ಕಡಿಮೆ ಖರ್ಚಿನ, ಪ್ಲಗಿನ್‌ಗಳನ್ನು ಚೆನ್ನಾಗಿ ನಡೆಸುವ ಧ್ವನಿ ಸಂಪಾದನೆಯ ತಂತ್ರಾಂಶ ಯಾವುದು?

ನಿಮ್ಮ ಮುಂದೆ ಎರಡು ಕೆಲಸಗಳಿವೆ. ಮನೆಯಲ್ಲೇ ಯುಎಸ್‌ಬಿ ಮೈಕ್ ಇಟ್ಟುಕೊಂಡು ಕನ್ನಡ ಕತೆಗಳನ್ನು ಓದಿ ಧ್ವನಿಮುದ್ರಿಸುವುದು ಒಂದು. ಅಜ್ಜ ಸಂಗ್ರಹಿಸಿಟ್ಟ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಸ್ವಚ್ಛಗೊಳಿಸುವುದು ಇನ್ನೊಂದು. ಇರುವುದು 8 ಜಿಬಿ ಮೆಮೊರಿಯ ವಿಂಡೋಸ್ ಲ್ಯಾಪ್‌ಟಾಪ್, ಖರ್ಚಿನ ಮಿತಿ ಆರು ಸಾವಿರ ರೂಪಾಯಿ, ತಿಂಗಳು ತಿಂಗಳು ಹಣ ಕಟ್ಟುವ ವ್ಯವಸ್ಥೆ ಬೇಡ, ಉಚಿತ ತಂತ್ರಾಂಶವಾದ ಆಡಾಸಿಟಿಯಲ್ಲಿ ಪ್ಲಗಿನ್‌ಗಳು (ಮೂಲ ತಂತ್ರಾಂಶದೊಳಗೆ ಸೇರಿಸಿ ಬಳಸುವ ಪುಟ್ಟ ಉಪತಂತ್ರಾಂಶಗಳು) ಸರಿಯಾಗಿ ನಡೆಯುವುದಿಲ್ಲವೆಂದು ಯಾರೋ ಹೇಳಿದ್ದಾರೆ, ಹಾಗಿದ್ದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ ರೀಪರ್. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹಣವೆಲ್ಲ ಆ ಮೂಲ ತಂತ್ರಾಂಶಕ್ಕೇ ಹೋಗಲಿ, ಪ್ಲಗಿನ್‌ಗಳಿಗೆ ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ ಎಂಬುದು ನನ್ನ ಸಲಹೆ.

‘ಪ್ಲಗಿನ್ ಬೆಂಬಲವಿದೆ’ ಎಂಬ ಸಾಲು ಇಂದು ಬಹುತೇಕ ಎಲ್ಲ ಧ್ವನಿ ತಂತ್ರಾಂಶಗಳ ವಿವರಣೆಯಲ್ಲೂ ಇರುತ್ತದೆ, ಆದರೆ ಆ ಸಾಲಿನಿಂದ ತಿಳಿಯುವುದು ಬಹಳ ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಮಾದರಿಯ ಪ್ಲಗಿನ್ ಎಂಬುದು. ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ಹೊರತಂದ ವಿಎಸ್‌ಟಿ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮಾದರಿ. ಅದರ ಮೂರನೆಯ ಆವೃತ್ತಿ 2008ರಲ್ಲಿ ಬಂತು, ಮತ್ತು ಎರಡನೆಯ ಆವೃತ್ತಿಗೆ ಪ್ಲಗಿನ್ ಬರೆಯಲು ಬೇಕಾದ ಸಾಮಗ್ರಿಯನ್ನು ಹೊಸಬರಿಗೆ ಕೊಡುವುದನ್ನು ಸಂಸ್ಥೆ 2018ರಲ್ಲಿ ನಿಲ್ಲಿಸಿತು. ಹೀಗಾಗಿ ಹೊಸ ಪ್ಲಗಿನ್‌ಗಳು ಹೆಚ್ಚಾಗಿ ವಿಎಸ್‌ಟಿ 3ರಲ್ಲಿ ಬರುತ್ತವೆ, ಉಚಿತವಾಗಿ ಸಿಗುವ ಹಳೆಯ ಒಳ್ಳೆಯ ಪ್ಲಗಿನ್‌ಗಳಲ್ಲಿ ಎಷ್ಟೋ ವಿಎಸ್‌ಟಿ 2ರಲ್ಲೇ ಉಳಿದಿವೆ. ಎರಡನ್ನೂ ತೆಗೆದುಕೊಳ್ಳುವ ತಂತ್ರಾಂಶವೇ ನಿಮಗೆ ಬೇಕು. ಮ್ಯಾಕ್‌ನಲ್ಲಿ ಉಚಿತವಾಗಿ ಬರುವ ಗ್ಯಾರೇಜ್‌ಬ್ಯಾಂಡ್ ಆಪಲ್‌ನ ಎಯು ಮಾದರಿಯನ್ನು ಬಿಟ್ಟು ವಿಎಸ್‌ಟಿಯನ್ನು ಮುಟ್ಟುವುದೇ ಇಲ್ಲ. ಪ್ರೊ ಟೂಲ್ಸ್ ಎಂಬ ಧ್ವನಿ ತಂತ್ರಾಂಶ ತನ್ನದೇ ಆದ ಎಎಎಕ್ಸ್ ಮಾದರಿಯನ್ನಷ್ಟೇ ಒಪ್ಪುತ್ತದೆ, ಆದ್ದರಿಂದ ಅದರ ಉಚಿತ ಆವೃತ್ತಿಯನ್ನು ನೋಡಿ ಆಸೆಪಡಬೇಕಾಗಿಲ್ಲ.

ಎರಡನೆಯದು 32 ಬಿಟ್ ಮತ್ತು 64 ಬಿಟ್‌ಗಳ ವ್ಯತ್ಯಾಸ. ಹಳೆಯ ಉಚಿತ ಪ್ಲಗಿನ್‌ಗಳಲ್ಲಿ ಕೆಲವು 32 ಬಿಟ್‌ನವು, ಅವು 64 ಬಿಟ್‌ನ ತಂತ್ರಾಂಶದೊಳಗೆ ತಾವಾಗಿ ಓಡುವುದಿಲ್ಲ. ನಡುವೆ ಸೇತುವೆಯಾಗಿ ನಿಲ್ಲುವ ಏರ್ಪಾಡು ಬೇಕು. ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: ಪ್ಲಗಿನ್ ಧ್ವನಿಯನ್ನು ಶಾಶ್ವತವಾಗಿ ಬದಲಾಯಿಸಿಬಿಡುತ್ತದೆಯೋ, ಅಥವಾ ಮೂಲ ಮುದ್ರಿಕೆಯನ್ನು ಹಾಗೆಯೇ ಉಳಿಸಿ, ನುಡಿಸುವಾಗ ಮಾತ್ರ ತನ್ನ ಕೆಲಸ ಮಾಡುತ್ತದೆಯೋ ಎಂಬುದು. ಒಂದು ತಾಸಿನ ಕತೆಗೆ ಕಂಪ್ರೆಸರ್ (ಧ್ವನಿಯ ಏರಿಳಿತವನ್ನು ತಗ್ಗಿಸುವುದು) ಹಾಕಿ, ಅದರ ಮೇಲೆ ಈಕ್ವಲೈಸರ್ (ಬೇರೆ ಬೇರೆ ಆವರ್ತಗಳನ್ನು ಏರಿಸಿ ಇಳಿಸುವುದು) ಹಾಕಿ, ಹತ್ತು ಕಡೆ ಕತ್ತರಿಸಿ ಜೋಡಿಸಿದ ಮೇಲೆ, ಕಂಪ್ರೆಸರ್ ಸ್ವಲ್ಪ ಹೆಚ್ಚಾಯಿತೆಂದು ಅನ್ನಿಸಿದಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಆಡಾಸಿಟಿಯ ಬಗ್ಗೆ ನೀವು ಕೇಳಿದ ಮಾತು ಹಿಂದೆ ಬಹುಮಟ್ಟಿಗೆ ನಿಜವಾಗಿತ್ತು, ಈಗ ಅರ್ಧ ಮಾತ್ರ ನಿಜ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದ ಈ ಮುಕ್ತ ತಂತ್ರಾಂಶ, ಎರಡು ದಶಕಗಳ ಕಾಲ ಪ್ರತಿ ಎಫೆಕ್ಟನ್ನೂ ನೇರವಾಗಿ ಧ್ವನಿಗೇ ಒತ್ತಿಬಿಡುತ್ತಿತ್ತು. 2022ರ 3.2 ಆವೃತ್ತಿಯಲ್ಲಿ ವಿಎಸ್‌ಟಿ 3ರ ಬೆಂಬಲವೂ ಬಂತು, ನುಡಿಸುತ್ತಿರುವಾಗಲೇ ಎಫೆಕ್ಟನ್ನು ಬದಲಾಯಿಸಿ ಕೇಳುವ ಸೌಲಭ್ಯವೂ ಬಂತು. ಆದರೂ ಗದ್ದಲ ತಗ್ಗಿಸುವ ಅದರ ಹೆಸರುವಾಸಿಯಾದ ನಾಯ್ಸ್ ರಿಡಕ್ಷನ್ ಇಂದಿಗೂ ಒತ್ತಿ ಮುಗಿಸುವ ಎಫೆಕ್ಟೇ. ಪ್ಲಗಿನ್‌ನ ಒಂದು ಗುಂಡಿಯನ್ನು ಕತೆಯ ಒಂದು ಭಾಗದಲ್ಲಿ ಏರಿಸಿ ಇನ್ನೊಂದು ಭಾಗದಲ್ಲಿ ಇಳಿಸುವಂತೆ ಗೆರೆ ಎಳೆದು ಹೇಳುವ ದಾರಿಯೂ ಅದರಲ್ಲಿಲ್ಲ, 32 ಬಿಟ್ ಪ್ಲಗಿನ್‌ಗಳಿಗೆ ಸೇತುವೆಯೂ ಇಲ್ಲ. ಖರ್ಚೇ ಬೇಡವೆಂದಾದರೆ ಆಡಾಸಿಟಿ ಸಾಕು, ಅದರಲ್ಲೇ ಸೊಗಸಾದ ಕೆಲಸ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನೀವು ಖರ್ಚು ಮಾಡಲು ಸಿದ್ಧರಿದ್ದೀರಿ.

ಬ್ರೆಜಿಲ್‌ನ ಸಾಂತಾ ಕತರೀನಾ ಫೆಡರಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಓಶನ್‌ಆಡಿಯೋ ಕೂಡ ಉಚಿತ. ಒಂದೇ ಕಡತವನ್ನು ತೆರೆದು ಚಕಚಕನೆ ಕತ್ತರಿಸಿ ಉಳಿಸಲು ಅದಕ್ಕಿಂತ ಸರಳವಾದದ್ದನ್ನು ನಾನು ಕಂಡಿಲ್ಲ, ವಿಎಸ್‌ಟಿಯನ್ನೂ ಅದು ನಡೆಸುತ್ತದೆ. ಆದರೆ ಕತೆಯ ಹಿಂದೆ ಹಿನ್ನೆಲೆ ಸಂಗೀತದ ಇನ್ನೊಂದು ಟ್ರ್ಯಾಕ್ ಬೇಕೆಂದಾದಾಗ ಅದು ಸಾಲದು. ಅಡೋಬಿ ಆಡಿಷನ್ ಒಳ್ಳೆಯ ತಂತ್ರಾಂಶವೇ, ಆದರೆ ಚಂದಾ ನಿಲ್ಲಿಸಿದ ದಿನ ಕೆಲಸವೂ ನಿಲ್ಲುತ್ತದೆ. ನಿಮ್ಮ ಷರತ್ತೇ ಅದನ್ನು ಹೊರಗಿಟ್ಟಿದೆ.

ಇನ್ನು ರೀಪರ್. ಒಂದು ಕಾಲದಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ವಿನ್‌ಆಂಪ್‌ನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರು ಆಮೇಲೆ ಕಟ್ಟಿದ ಕಾಕೋಸ್ ಎಂಬ ಸಣ್ಣ ಸಂಸ್ಥೆಯ ತಂತ್ರಾಂಶ ಇದು. ವಿಎಸ್‌ಟಿ 2, ವಿಎಸ್‌ಟಿ 3, 2022ರಲ್ಲಿ ಬಂದ ಕ್ಲ್ಯಾಪ್, ಲಿನಕ್ಸ್‌ನವರು ಮೆಚ್ಚುವ ಎಲ್‌ವಿ2, ಮ್ಯಾಕ್‌ನಲ್ಲಿ ಎಯು ಇವೆಲ್ಲವನ್ನೂ ಅದು ತೆಗೆದುಕೊಳ್ಳುತ್ತದೆ. 32 ಬಿಟ್ ಪ್ಲಗಿನ್‌ಗಳಿಗೆ ಸೇತುವೆ ಅದರೊಳಗೇ ಇದೆ. ಪದೇ ಪದೇ ಕುಸಿದುಬೀಳುವ ಪ್ಲಗಿನ್ ಒಂದನ್ನು ಪ್ರತ್ಯೇಕ ಪ್ರಕ್ರಿಯೆಯಾಗಿ ಓಡಿಸುವಂತೆ ಹೇಳಬಹುದು. ಆಗ ಪ್ಲಗಿನ್ ಸತ್ತರೂ ನಿಮ್ಮ ಸಂಪಾದನೆ ಉಳಿಯುತ್ತದೆ. ಪ್ಲಗಿನ್‌ಗಳನ್ನು ಇಡೀ ಟ್ರ್ಯಾಕ್‌ಗೆ ಹಾಕಬಹುದು, ಎಲ್ಲ ಟ್ರ್ಯಾಕ್‌ಗಳೂ ಕೂಡುವ ಕೊನೆಯ ಮಾಸ್ಟರ್‌ಗೆ ಹಾಕಬಹುದು, ಅಥವಾ ಒಂದೇ ಒಂದು ತುಣುಕಿಗೆ ಮಾತ್ರ ಹಾಕಬಹುದು. ಈ ಕೊನೆಯದು ಮಾತಿನ ಸಂಪಾದನೆಯಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ: ‘ಭ’ ಅಥವಾ ‘ಫ’ ಉಚ್ಚರಿಸುವಾಗ ಮೈಕಿಗೆ ಉಸಿರು ಬಡಿದು ಧಡ್ ಎಂದ ಒಂದು ಪದವನ್ನು ಕತ್ತರಿಸಿ, ಅಷ್ಟಕ್ಕೇ ಕೆಳಸ್ವರಗಳನ್ನು ತೆಗೆಯುವ ಫಿಲ್ಟರ್ ಹಾಕಿ, ಉಳಿದ ಓದನ್ನು ಮುಟ್ಟದೆ ಬಿಡಬಹುದು. ಒಮ್ಮೆ ಸರಿಹೊಂದಿಸಿದ ಪ್ಲಗಿನ್ ಸರಣಿಗೆ ಹೆಸರು ಕೊಟ್ಟು ಉಳಿಸಿದರೆ ಮುಂದಿನ ಕತೆಗೆ ಅದನ್ನೇ ಹಾಕಬಹುದು. ರೀಪರ್‌ನ ದೋಷವೆಂದರೆ ಅದರ ಮೆನುಗಳು. ಯಾವುದೋ ಸರ್ಕಾರಿ ಕಚೇರಿಯ ಅರ್ಜಿಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತ ಹೋಗುತ್ತವೆ. ಮೊದಲ ವಾರ ಬೇಸರವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಪ್ಲಗಿನ್‌ಗಳ ವಿಷಯಕ್ಕೆ ಬರೋಣ. ರೀಪರ್ ಜೊತೆಯಲ್ಲೇ ಬರುವ ರೀ-ಈಕ್ಯೂ (ಈಕ್ವಲೈಸರ್), ರೀ-ಕಾಂಪ್ (ಕಂಪ್ರೆಸರ್), ರೀ-ಗೇಟ್ (ಗೇಟ್), ರೀ-ಫರ್ (ಗದ್ದಲ ತೆಗೆಯಲು) ಇವು ನೋಡಲು ಬೋಳಾಗಿವೆ, ಕೆಲಸದಲ್ಲಿ ಅಲ್ಲ. ಇವುಗಳ ಜೊತೆಗೆ ಟೋಕಿಯೋ ಡಾನ್‌ನವರ ನೋವಾ ಎಂಬ ಉಚಿತ ಡೈನಮಿಕ್ ಈಕ್ವಲೈಸರ್ (ಆಯ್ದ ಆವರ್ತ ಜೋರಾದಾಗ ಮಾತ್ರ ತಗ್ಗಿಸಬಲ್ಲದ್ದು), ಧ್ವನಿಯ ಆವರ್ತಗಳನ್ನು ಕಣ್ಣಿಗೆ ತೋರಿಸುವ ವೋಕ್ಸೆಂಗೋ ಸ್ಪ್ಯಾನ್, ಒಟ್ಟು ಜೋರನ್ನು ಅಳೆಯುವ ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಈ ಮೂರನ್ನು ಹಾಕಿಕೊಂಡರೆ ಮಾತಿನ ಕೆಲಸಕ್ಕೆ ಬೇಕಾದದ್ದೆಲ್ಲ ಬಂದಂತಾಯಿತು. ಮುಂದೆ ಎಂದಾದರೂ ಹಣ ಕೊಟ್ಟು ಕೊಳ್ಳುವುದಾದರೆ ಗದ್ದಲ ತೆಗೆಯುವ ಐಝೋಟೋಪ್ ಆರ್‌ಎಕ್ಸ್‌ನ ಎಲಿಮೆಂಟ್ಸ್ ಆವೃತ್ತಿಯನ್ನು ನೋಡಿ. ಅದರ ಬೆಲೆ ಆಗಾಗ ಇಳಿಯುತ್ತಿರುತ್ತದೆ, ಪಟ್ಟಿಯ ಬೆಲೆಗೆ ಕೊಳ್ಳುವ ಆತುರ ಬೇಡ. ಇಂಥ ಪ್ಲಗಿನ್ ನೀವು ತಂತ್ರಾಂಶ ಬದಲಾಯಿಸಿದರೂ ನಿಮ್ಮೊಂದಿಗೆ ಬರುತ್ತದೆ. ಆದರೆ ಒಂದು ತಂತ್ರಾಂಶದಲ್ಲಿ ಕೈಗೆ ಕೂತ ಅಭ್ಯಾಸ, ಉಳಿಸಿಟ್ಟ ಸರಣಿಗಳು, ಅರ್ಧ ಮುಗಿದ ಕೆಲಸಗಳು ಹಾಗೆ ಬರುವುದಿಲ್ಲ. ಹಣವನ್ನು ಮೂಲ ತಂತ್ರಾಂಶಕ್ಕೆ ಹಾಕಿ ಎಂದದ್ದು ಈ ಕಾರಣಕ್ಕೆ.

ಕತೆಯ ಓದಿಗೆ ಸರಣಿ ಸರಳವಾಗಿರಲಿ: 80 ಹರ್ಟ್ಸ್‌ನ ಕೆಳಗಿನದನ್ನು ತೆಗೆಯುವ ಫಿಲ್ಟರ್, ಆಮೇಲೆ ಮೃದುವಾದ ಕಂಪ್ರೆಸರ್, ಆಮೇಲೆ ನೋವಾ ಪ್ಲಗಿನ್‌ನ ಒಂದು ಆವರ್ತ ಪಟ್ಟಿಯನ್ನು 5ರಿಂದ 8 ಕಿಲೋಹರ್ಟ್ಸ್ ನಡುವೆ ಇಟ್ಟು ‘ಸ’, ‘ಶ’ಗಳ ಸೀಟಿಯನ್ನು ತಗ್ಗಿಸುವುದು, ಕೊನೆಗೆ ಧ್ವನಿ ಒಂದು ಮಿತಿ ಮೀರದಂತೆ ತಡೆಯುವ ಲಿಮಿಟರ್. ಮೌನದ ನಡುವಿನ ಗದ್ದಲಕ್ಕೆಂದು, ಧ್ವನಿ ತಗ್ಗಿದಾಗ ಮುಚ್ಚಿಕೊಳ್ಳುವ ಗೇಟ್ ಹಾಕುವವರು ಒಂದನ್ನು ಗಮನಿಸಬೇಕು. ‘ಅಕ್ಕ’, ‘ಹಟ್ಟಿ’, ‘ಒಪ್ಪು’ ಎನ್ನುವಾಗ ಒತ್ತಕ್ಷರದ ಹೊತ್ತಿಗೆ ಧ್ವನಿ ಕ್ಷಣಕಾಲ ಪೂರ್ತಿ ನಿಲ್ಲುತ್ತದೆ, ಕನ್ನಡದಲ್ಲಿ ಇಂಥ ಪದಗಳು ಸಾಲುಸಾಲಿಗೂ ಬರುತ್ತವೆ. ಬೇಗ ಮುಚ್ಚಿಕೊಳ್ಳುವಂತೆ ಇಟ್ಟ ಗೇಟ್ ಆ ಕ್ಷಣದಲ್ಲಿ ಮುಚ್ಚಿ, ಪದದ ನಡುವೆ ಕೋಣೆಯ ಸದ್ದು ಹೋಗಿ ಬಂದಂತೆ ಕೇಳಿಸುತ್ತದೆ. ರೀ-ಗೇಟ್‌ನ ಹೋಲ್ಡ್ ಅವಧಿಯನ್ನು (ಧ್ವನಿ ತಗ್ಗಿದ ಮೇಲೂ ಗೇಟ್ ತೆರೆದಿರುವ ಹೊತ್ತು) 250 ಮಿಲಿಸೆಕೆಂಡಿನ ಆಸುಪಾಸಿಗೆ ಏರಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಫ್ಯಾನಿನ ಸದ್ದಿಗೆ ಅತ್ಯುತ್ತಮ ಪ್ಲಗಿನ್ ಗೋಡೆಯ ಮೇಲಿನ ಸ್ವಿಚ್ಚು. ಸಿದ್ಧವಾದ ಕತೆಯ ಒಟ್ಟು ಜೋರಿಗೆ ಆಪಲ್ ಪಾಡ್‌ಕಾಸ್ಟ್ಸ್ ಸೂಚಿಸುವ ಅಳತೆ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟು ಜೋರನ್ನು ಅಳೆಯುವ ಮಾನ), ಅತಿ ಜೋರಾದ ತುದಿ ಮೈನಸ್ 1 ಡೆಸಿಬಲ್ ಮೀರಬಾರದು; ಕೊನೆಯ ಕಡತವನ್ನು ಹೊರತೆಗೆಯುವ ರೀಪರ್‌ನ ರೆಂಡರ್ ಕಿಟಕಿಯಲ್ಲಿ ಈ ಅಂಕಿಯನ್ನು ಬರೆದರೆ ಅದೇ ಹೊಂದಿಸಿ ಕೊಡುತ್ತದೆ.

ಕ್ಯಾಸೆಟ್‌ಗಳ ಕೆಲಸ ಇಷ್ಟು ಸಲೀಸಲ್ಲ. ಮೊದಲು ಪ್ಲೇಯರಿನ ಹೆಡ್ಡನ್ನು ಸ್ವಚ್ಛಗೊಳಿಸಿ, ಅದರ ಓರೆಯನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಿ; ಹೆಡ್ಡು ಟೇಪಿಗೆ ನೆಟ್ಟಗೆ ನಿಲ್ಲದೆ ಕಳೆದುಹೋದ ಮೇಲುಸ್ವರಗಳನ್ನು ಯಾವ ಪ್ಲಗಿನ್ನೂ ಪೂರ್ತಿಯಾಗಿ ಮರಳಿ ತರಲಾರದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಳ್ಳಿ. ಒಂದು ತಾಸಿನ ಸ್ಟೀರಿಯೋಗೆ ಸುಮಾರು 1 ಜಿಬಿ ಜಾಗ ಬೇಕಾಗುತ್ತದೆ, ಆ ಮೂಲ ಕಡತವನ್ನು ಹಾಗೆಯೇ ಬೇರೆ ಡಿಸ್ಕಿನಲ್ಲಿ ಇಡಿ. ಗದ್ದಲ ತೆಗೆಯುವ ಪ್ಲಗಿನ್‌ಗಳಲ್ಲಿ ಬಹಳಷ್ಟು, ಬದಲಾಗದೆ ಒಂದೇ ಸಮನೆ ಇರುವ ಸದ್ದನ್ನು ಗದ್ದಲವೆಂದು ಎಣಿಸುತ್ತವೆ. ತಾಳಮದ್ದಳೆಯಲ್ಲಿ ಒಂದೇ ಸಮನೆ ಇರುವುದು ಟೇಪಿನ ಹಿಸ್ಸೆನ್ನುವ ಸದ್ದು ಮಾತ್ರವಲ್ಲ, ಭಾಗವತರ ಹಿಂದಿನ ಶ್ರುತಿಯೂ ಹೌದು. ಶ್ರುತಿ ಕೇಳುತ್ತಿರುವ ಕಡೆಯಿಂದ ಗದ್ದಲದ ಮಾದರಿಯನ್ನು ತೆಗೆದುಕೊಂಡರೆ ರೀ-ಫರ್ ಶ್ರುತಿಯನ್ನೇ ಅಳಿಸಲು ಹೊರಡುತ್ತದೆ, ಪದ್ಯದ ಷಡ್ಜದ ಸ್ಥಾನಗಳೆಲ್ಲ ಟೊಳ್ಳಾಗುತ್ತವೆ. ಆದ್ದರಿಂದ ಪ್ರಸಂಗ ಆರಂಭವಾಗುವ ಮುನ್ನ ಬರೀ ಟೇಪು ಓಡುವ ಎರಡು ಕ್ಷಣಗಳಿಂದಲೇ ಮಾದರಿಯನ್ನು ತೆಗೆಯಿರಿ, ಮತ್ತು ಮಾದರಿ ಸಿಕ್ಕ ಕೂಡಲೇ, ಅದನ್ನು ತಾನಾಗಿ ಕಟ್ಟುವ ಆಯ್ಕೆಯ ಮೇಲಿನ ಟಿಕ್ ಗುರುತನ್ನು ತೆಗೆದುಹಾಕಿ. ಚಟಪಟ ಸದ್ದು ತೆಗೆಯುವ ಡೀ-ಕ್ಲಿಕ್ ಪ್ಲಗಿನ್‌ಗೆ ಚೆಂಡೆಯ ಪೆಟ್ಟೂ ಚಟ್ ಎಂಬ ಸದ್ದೇ ಆಗಿ ಕಾಣಬಹುದು; ಅದನ್ನು ಇಡೀ ಟ್ರ್ಯಾಕ್‌ಗೆ ಹಾಕದೆ ಅರ್ಥಧಾರಿಗಳ ಮಾತಿನ ತುಣುಕುಗಳಿಗೆ ಮಾತ್ರ ಹಾಕಿ. ನಮ್ಮಲ್ಲಿ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ 50 ಹರ್ಟ್ಸ್‌ನಲ್ಲೂ ಅದರ ಅಪವರ್ತ್ಯಗಳಾದ 100, 150ರಲ್ಲೂ ಇರುತ್ತದೆ. ಗಂಡಸಿನ ಧ್ವನಿಯ ಬುಡವೂ ಇದೇ 100ರಿಂದ 150ರ ಆಸುಪಾಸಿನಲ್ಲಿರುವುದರಿಂದ, ಅಲ್ಲಿ ಈಕ್ವಲೈಸರಿನಲ್ಲಿ ತಗ್ಗಿಸುವ ಆವರ್ತ ಪಟ್ಟಿ ಆದಷ್ಟು ಕಿರಿದಾಗಿರಲಿ. ಸ್ವಲ್ಪ ಹಿಸ್ಸೆನ್ನುವ ಸದ್ದು ಉಳಿದರೆ ಉಳಿಯಲಿ, ನೀರಿನೊಳಗಿನಿಂದ ಬಂದಂಥ ಭಾಗವತಿಕೆಗಿಂತ ಅದೇ ಲೇಸು.

ರೀಪರನ್ನು ಕೊಳ್ಳುವ ಮುನ್ನ ನಿಮ್ಮ ಲ್ಯಾಪ್‌ಟಾಪಿನಲ್ಲಿಯೇ ಪರೀಕ್ಷಿಸಿ, ಅದಕ್ಕೆ 60 ದಿನಗಳ ಅವಕಾಶವಿದೆ, ಆ ಅವಧಿಯಲ್ಲಿ ಯಾವ ಸೌಲಭ್ಯವನ್ನೂ ತಡೆಹಿಡಿದಿರುವುದಿಲ್ಲ. ಒಂದು ತಾಸಿನ ಕ್ಯಾಸೆಟ್ಟಿಗೆ ನೀವು ಬಳಸಲಿರುವ ಅಷ್ಟೂ ಪ್ಲಗಿನ್‌ಗಳನ್ನು ಹಾಕಿ, ಪರ್ಫಾರ್ಮೆನ್ಸ್ ಮೀಟರ್ ತೆರೆದಿಟ್ಟು ಯಾವ ಟ್ರ್ಯಾಕ್ ಪ್ರೊಸೆಸರನ್ನು ಎಷ್ಟು ತಿನ್ನುತ್ತದೆ ನೋಡಿ. ಭಾರವೆನ್ನಿಸಿದ ಟ್ರ್ಯಾಕನ್ನು ಫ್ರೀಜ್ ಮಾಡಿದರೆ (ಪ್ಲಗಿನ್‌ಗಳ ಫಲವನ್ನು ತಾತ್ಕಾಲಿಕವಾಗಿ ಧ್ವನಿಗೇ ಒತ್ತಿಟ್ಟರೆ) ಹೊರೆ ಇಳಿಯುತ್ತದೆ, ಬೇಕೆಂದಾಗ ಬಿಡಿಸಲೂ ಬಹುದು. ಗದ್ದಲ ತೆಗೆಯುವ ಪ್ಲಗಿನ್‌ಗಳು ಧ್ವನಿಯನ್ನು ತಡಮಾಡಿ ಕೊಡುವುದರಿಂದ, ಓದಿ ಧ್ವನಿಮುದ್ರಿಸುವಾಗ ಅವನ್ನು ಬಂದ್ ಮಾಡಿಡಿ.

ಸ್ವಂತಕ್ಕೆ ಬಳಸುವವರಿಗೆ, ಮತ್ತು ವರ್ಷದ ಒಟ್ಟು ವ್ಯಾಪಾರ 20,000 ಡಾಲರ್ ಮೀರದ ಸಂಸ್ಥೆಗಳಿಗೆ, ಪರವಾನಗಿಯ ಬೆಲೆ 60 ಡಾಲರ್; ಉಳಿದ ವ್ಯಾಪಾರಿ ಬಳಕೆದಾರರಿಗೆ 225. ಎರಡೂ ಒಂದೇ ತಂತ್ರಾಂಶ. ಡಾಲರಿನ ದರ ನೋಡಿದರೆ 60 ಡಾಲರ್ ಐದು ಸಾವಿರ ರೂಪಾಯಿಗೆ ತುಸು ಮೇಲಾಗುತ್ತದೆ, ಬ್ಯಾಂಕು ವಿದೇಶಿ ಪಾವತಿಯ ಶುಲ್ಕವನ್ನು ಬೇರೆ ಹಿಡಿಯುತ್ತದೆ; ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ತೆರೆದಿದೆಯೇ ಎಂದು ಮೊದಲೇ ನೋಡಿಕೊಳ್ಳಿ. 60 ದಿನ ಕಳೆದ ಮೇಲೂ ರೀಪರ್ ತಾನಾಗಿ ಬಾಗಿಲು ಹಾಕುವುದಿಲ್ಲ, ತೆರೆದಾಗಲೆಲ್ಲ ನೆನಪಿಸುತ್ತದೆ ಅಷ್ಟೆ. ಆ ನಂಬಿಕೆಗೆ ತಕ್ಕಂತೆ ಹಣ ಕೊಡುವುದು ಬಳಸುವವರ ಧರ್ಮ. ಏಳನೆಯ ಆವೃತ್ತಿಗೆ ಕೊಂಡ ಪರವಾನಗಿ ಎಂಟನೆಯ ಆವೃತ್ತಿ ಮುಗಿಯುವವರೆಗೂ ನಡೆಯುತ್ತದೆ. ಒಂದು ಹೊತ್ತಿಗೆ ಒಂದರಲ್ಲೇ ಬಳಸುವುದಾದರೆ ಅದೇ ಪರವಾನಗಿಯನ್ನು ನಿಮ್ಮ ಬೇರೆ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು, ಮುಂದೆ ಲ್ಯಾಪ್‌ಟಾಪ್ ಬದಲಾಯಿಸಿ ಲಿನಕ್ಸ್‌ಗೆ ಹೋದರೂ ಅದು ಸಲ್ಲುತ್ತದೆ.