ಗುರುತು ಮೊದಲು, ಗುಟ್ಟು ಆಮೇಲೆ

ಈ ಸಂಚಿಕೆಗಾಗಿ ಆಯ್ದ ಮೂರು ಪತ್ರಗಳೂ ಒಂದೇ ವಿಷಯದ ಸುತ್ತ ಇವೆ. ದೂರದೂರದ ಊರುಗಳಲ್ಲಿರುವ ಗೆಳೆಯರು ಅಂತರ್ಜಾಲದಲ್ಲಿ ಕೂಡಿ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ನಕ್ಷೆಯ ಮೇಲೆ ಪಿನ್‌ಗಳನ್ನು (ಒತ್ತಿದರೆ ಟಿಪ್ಪಣಿ ತೆರೆಯುವ ಗುರುತುಗಳನ್ನು) ಹೇಗೆ ಇಡಬೇಕು ಎಂಬುದೇ ಆ ವಿಷಯ.

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರ ರಾತ್ರಿ ಫೌಂಡ್ರಿ ವಿಟಿಟಿ ಎಂಬ ತಂತ್ರಾಂಶದಲ್ಲಿ ಆಡುತ್ತೇವೆ. ಕಥೆ ನಡೆಸುವವನು ನಾನೇ. 1520ರ ರಾಯಚೂರು ಮುತ್ತಿಗೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಎರಡು ತಿಂಗಳು ಕುಳಿತು ಕೋಟೆಯ ನಕ್ಷೆ ಬರೆದು, ಅದರ ಮೇಲೆ 38 ಪಿನ್‌ಗಳನ್ನು ಇಟ್ಟೆ. ಆಟ ಆರಂಭವಾದ ಹತ್ತೇ ನಿಮಿಷದಲ್ಲಿ ಎಲ್ಲರೂ ಸಿಕ್ಕಸಿಕ್ಕ ಪಿನ್ ಒತ್ತಿ ಓದಿಬಿಟ್ಟರು. ಒಬ್ಬನಂತೂ ‘ಗುಟ್ಟಿನ ಕಿಂಡಿ’ ಎಂಬ ಹೆಸರನ್ನು ಕಂಡು ತನ್ನ ಪಾತ್ರವನ್ನು ನೇರವಾಗಿ ಅಲ್ಲಿಗೇ ಓಡಿಸಿದ. ತಪ್ಪು ನನ್ನದೋ, ಅವರದೋ? (ಓದುಗರೊಬ್ಬರು, ರಾಯಚೂರು)

ಉತ್ತರ: ತಪ್ಪು ಅವರದಲ್ಲ. ಒತ್ತಲು ಬರುವ ವಸ್ತುವನ್ನು ಕಣ್ಣೆದುರು ಇಟ್ಟು, ಒತ್ತಬೇಡಿ ಎಂದು ನಿರೀಕ್ಷಿಸುವುದು ಮದುವೆ ಮನೆಯಲ್ಲಿ ಹೋಳಿಗೆಯ ಬುಟ್ಟಿಯನ್ನು ಮಕ್ಕಳ ನಡುವೆ ಇಟ್ಟು ಪಂಕ್ತಿ ಕೂರುವವರೆಗೆ ಕಾಯಿರಿ ಎಂದಂತೆ. ತಪ್ಪು ಎರಡು ಕಡೆ ಆಗಿದೆ: ಒಂದು ತಂತ್ರಾಂಶದ ಅನುಮತಿಯಲ್ಲಿ, ಇನ್ನೊಂದು ಪಿನ್‌ಗೆ ಹೆಸರಿಟ್ಟ ರೀತಿಯಲ್ಲಿ. ಎರಡನೆಯದೇ ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಲೆ ಈ ಬಗೆಯ ಆಟಗಳು ಹರಡಿದವು. ಪ್ರತಿಯೊಬ್ಬ ಆಟಗಾರನೂ ಒಂದೊಂದು ಪಾತ್ರವಾಗುತ್ತಾನೆ. ದಾಳ ಉರುಳಿಸಿ ಆ ಪಾತ್ರದ ಸೋಲು ಗೆಲುವುಗಳನ್ನು ತಿಳಿಯುತ್ತಾನೆ. ಕಥೆ ನಡೆಸುವವರನ್ನು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ, ಎನ್ನುತ್ತಾರೆ. ನಮ್ಮ ಭಾಗದ ದೊಡ್ಡಾಟದಲ್ಲಿ ಸಾರಥಿಯು ವೇಷ ಕಟ್ಟಿ ಬಂದವರನ್ನು ಮಾತಿಗೆಳೆದು, ಅವರ ಬಾಯಿಂದಲೇ ಅವರ ಕಥೆಯನ್ನು ಹೊರಡಿಸುತ್ತಾನಲ್ಲ, ಜಿಎಂ ಕೆಲಸವೂ ಬಹುಮಟ್ಟಿಗೆ ಅದೇ.

ಈಗ ಅನುಮತಿಯ ವಿಷಯಕ್ಕೆ ಬರೋಣ. ಫೌಂಡ್ರಿಯಲ್ಲಿ ನಕ್ಷೆಯ ಪಿನ್ ಸಾಮಾನ್ಯವಾಗಿ ಜರ್ನಲ್‌ನ (ತಂತ್ರಾಂಶದೊಳಗಿನ ಟಿಪ್ಪಣಿ ಪುಸ್ತಕದ) ಒಂದು ಬರಹಕ್ಕೆ ಅಂಟಿಕೊಂಡಿರುತ್ತದೆ. ಬರಹವನ್ನು ಎಳೆದು ನಕ್ಷೆಯ ಮೇಲೆ ಬಿಟ್ಟರೆ ಪಿನ್ ಹುಟ್ಟುತ್ತದೆ. ಆ ಪಿನ್ ಯಾರಿಗೆ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಪಿನ್ ಅಲ್ಲ, ಅದರ ಹಿಂದಿರುವ ಬರಹಕ್ಕೆ ನೀವು ಕೊಟ್ಟ ಅನುಮತಿ. ಅನುಮತಿ ‘ನನ್’ (None) ಆಗಿದ್ದರೆ ಆಟಗಾರರಿಗೆ ಪಿನ್ ಕಾಣುವುದೇ ಇಲ್ಲ. ‘ಲಿಮಿಟೆಡ್’ ಆಗಿದ್ದರೆ ಪಿನ್ ಕಾಣುತ್ತದೆ, ಅದರ ಹೆಸರೂ ಕಾಣುತ್ತದೆ, ಆದರೆ ಒತ್ತಿದರೆ ಬರಹ ತೆರೆಯುವುದಿಲ್ಲ. ‘ಅಬ್ಸರ್ವರ್’ ಆಗಿದ್ದರೆ ಎಲ್ಲವನ್ನೂ ಓದಬಹುದು. ನೀವು 38 ಬರಹಗಳಿಗೂ ಒಮ್ಮೆಲೇ ‘ಅಬ್ಸರ್ವರ್’ ಕೊಟ್ಟಿರಬೇಕು. ಯಾವ ಬರಹಕ್ಕೂ ಜೋಡಿಸದೆ ಬರೀ ಹೆಸರು ಬರೆದು ಇಟ್ಟ ಪಿನ್ ಇದ್ದರಂತೂ ಅದನ್ನು ತಡೆಯಲು ಅನುಮತಿಯೇ ಇರುವುದಿಲ್ಲವಾದ್ದರಿಂದ, ‘ಗುಟ್ಟಿನ ಕಿಂಡಿ’ ಸೋರಿದ್ದು ಅಲ್ಲಿಂದಲೂ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಈ ಮೂರು ಹಂತಗಳಲ್ಲಿ ನಡುವಿನದನ್ನು ಹೆಚ್ಚಿನವರು ಬಳಸುವುದೇ ಇಲ್ಲ. ಅದೇ ಎಲ್ಲಕ್ಕಿಂತ ಉಪಯುಕ್ತವಾದದ್ದು. ಪಾತ್ರವೊಂದು ದೂರದಿಂದ ಏನನ್ನೋ ಕಂಡಿದೆ, ಹತ್ತಿರ ಹೋಗಿಲ್ಲ ಎಂಬ ಸ್ಥಿತಿಗೆ ಅದು ಸರಿಯಾಗಿ ಹೊಂದುತ್ತದೆ. ನಿಮ್ಮ ಕೋಟೆಯನ್ನೇ ತೆಗೆದುಕೊಳ್ಳಿ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಶಾಸನವಿದೆ. ಅಂಥ ಭಾರಿ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ದೃಶ್ಯವನ್ನೂ ಅಲ್ಲಿ ಕೊರೆದಿದ್ದಾರೆ. ನಿಮ್ಮ ಪಿನ್‌ಗೆ ‘ಉದ್ದನೆಯ ಕಲ್ಲು’ ಎಂದಷ್ಟೇ ಹೆಸರಿಟ್ಟು ‘ಲಿಮಿಟೆಡ್’ ಕೊಡಿ. ಆಟಗಾರನೊಬ್ಬ ತಾನಾಗಿಯೇ ‘ನಾನು ಆ ಕಲ್ಲಿನ ಹತ್ತಿರ ಹೋಗಿ ಏನು ಬರೆದಿದೆ ನೋಡುತ್ತೇನೆ’ ಎಂದಾಗ ಅವನೊಬ್ಬನಿಗೆ ಮಾತ್ರ ‘ಅಬ್ಸರ್ವರ್’ ಕೊಟ್ಟರೆ, ಶಾಸನ ಮತ್ತು ಬಂಡಿಯ ಚಿತ್ರ ಅವನ ಪರದೆಯ ಮೇಲೆ ತೆರೆಯುತ್ತವೆ. ಉಳಿದವರಿಗೆ ಅದನ್ನು ಹೇಳಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಲಿ. ಆ ಗಳಿಗೆಯ ಆಟದ ಸ್ವಾರಸ್ಯ ಅಲ್ಲೇ ಇದೆ. ಬರಹದೊಳಗೆ ಇನ್ನೂ ಒಂದು ಸುಳಿವನ್ನು ಬಚ್ಚಿಡಬೇಕೆಂದಿದ್ದರೆ ಆ ಪ್ಯಾರಾವನ್ನು ‘ಸೀಕ್ರೆಟ್’ ಎಂದು ಗುರುತಿಸಿಡಿ. ದಾಳ ಒಲಿದಾಗ ಅದನ್ನೊಂದನ್ನೇ ಬಹಿರಂಗಪಡಿಸಬಹುದು.

ಹೆಸರಿನ ವಿಷಯ ಇದಕ್ಕಿಂತ ಮುಖ್ಯ. ಪಿನ್‌ನ ಹೆಸರು ಜಿಎಂಗೆ ತಿಳಿದಿರುವುದನ್ನು ಹೇಳಬಾರದು. ಅಲ್ಲಿ ನಿಂತ ಪಾತ್ರದ ಕಣ್ಣಿಗೆ ಬಿದ್ದದ್ದನ್ನು ಹೇಳಬೇಕು. ‘ಗುಟ್ಟಿನ ಕಿಂಡಿ’ ಎಂಬುದು ಜಿಎಂ ಮಾತು. ‘ಗೋಡೆಯಲ್ಲಿ ಹಸಿ ಗಾರೆ’ ಎಂಬುದು ಪಾತ್ರದ ಮಾತು. ಮೊದಲನೆಯದನ್ನು ಓದಿದವನಿಗೆ ಅಲ್ಲಿಗೆ ಹೋಗುವ ಕೆಲಸವಷ್ಟೇ ಉಳಿಯುತ್ತದೆ. ಎರಡನೆಯದನ್ನು ಓದಿದವನು ಮುತ್ತಿಗೆಯ ನಡುವೆ ಇಲ್ಲಿ ಯಾರು ಗಾರೆ ಮೆತ್ತಿದರು, ಏಕೆ ಮೆತ್ತಿದರು ಎಂದು ಯೋಚಿಸತೊಡಗುತ್ತಾನೆ. ಜರ್ನಲ್‌ನಲ್ಲಿ ನಿಮ್ಮ ಅನುಕೂಲಕ್ಕೆ ಏನೇ ಹೆಸರಿಟ್ಟುಕೊಂಡಿರಿ, ಪಿನ್‌ಗೆ ಬೇರೆ ಹೆಸರು ಕೊಡುವ ಜಾಗ ಪಿನ್‌ನ ಸೆಟ್ಟಿಂಗ್‌ನಲ್ಲಿಯೇ ಇದೆ. ಏನನ್ನೂ ತುಂಬದಿದ್ದರೆ ಜರ್ನಲ್‌ನ ಹೆಸರೇ ಅಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಸಂಖ್ಯೆ. ಒಂದು ರಾತ್ರಿಯ ಆಟಕ್ಕೆ 38 ಪಿನ್ ಬಹಳವಾಯಿತು. ಆಟಗಾರರಿಗೆ ಒಮ್ಮೆಗೆ ಆರೇಳು ಕಂಡರೆ ಸಾಕು. ಉಳಿದವು ನಿಮಗೆ ಮಾತ್ರ ಕಾಣುವಂತೆ ಇರಲಿ. ಜಾಗ ಬಿಟ್ಟು ಕದಲದ ವಸ್ತುಗಳಿಗೆ ಮಾತ್ರ ಪಿನ್ ಇಡಿ. ಓಡಾಡುವ ಮನುಷ್ಯರಿಗೆ ಟೋಕನ್, ಅಂದರೆ ನಕ್ಷೆಯ ಮೇಲೆ ಸರಿಸಬಹುದಾದ ಬಿಲ್ಲೆ, ಇದೆ. ಆ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೋವಾವ್ ದ ಫಿಗೆರೆಡೊನ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ನಿಮ್ಮ ಆಟದಲ್ಲಿ ಆ ಕಾವಲಿನವರು ಪಿನ್‌ಗಳಾಗಿ ಗೋಡೆಗೆ ಅಂಟಿಕೊಂಡಿದ್ದರೆ, ಗುಂಡು ಹಾರಿದಾಗ ಯಾರು ಬಿದ್ದರು, ಯಾರು ಅಡಗಿದರು ಎಂಬುದನ್ನು ತೋರಿಸಲು ದಾರಿಯೇ ಇರುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲವನ್ನೂ ಸರಿಪಡಿಸಿದ ಮೇಲೆ ‘ನಮಗೆ ಒಂದು ಪಿನ್ನೂ ಕಾಣುತ್ತಿಲ್ಲ’ ಎಂದು ಗೆಳೆಯರು ದೂರಬಹುದು. ಆಗ ಅವರ ಪರದೆಯ ಬದಿಯಲ್ಲಿರುವ ಜರ್ನಲ್ ನೋಟ್ಸ್ ಉಪಕರಣದಲ್ಲಿ ಪಿನ್ ತೋರಿಸುವ ಗುಂಡಿ ಆರಿದೆಯೇ ನೋಡಲು ಹೇಳಿ. ನಕ್ಷೆಯಲ್ಲಿ ಟೋಕನ್‌ಗಳ ದೃಷ್ಟಿಯನ್ನು ಚಾಲೂ ಮಾಡಿದ್ದರೆ, ಪಿನ್ ಇರುವ ಜಾಗ ಪಾತ್ರದ ಕಣ್ಣಿಗೆ ಬೀಳುವವರೆಗೂ ಅದು ಕಾಣುವುದಿಲ್ಲ; ಇದು ದೋಷವಲ್ಲ, ನಿಮಗೆ ಬೇಕಾದದ್ದೇ. ಆಟದ ಹಿಂದಿನ ದಿನ ಬೇರೊಂದು ಬ್ರೌಸರ್ ತೆರೆದು ಆಟಗಾರನ ಹೆಸರಿನಲ್ಲಿ ನೀವೇ ಒಳಗೆ ಹೋಗಿ ನೋಡಿ. ಜಿಎಂ ಕಣ್ಣಿಗೆ ಎಲ್ಲವೂ ಕಾಣುವುದರಿಂದ ಏನು ಸೋರುತ್ತಿದೆ ಎಂಬುದು ಅವನಿಗೇ ಕೊನೆಗೆ ತಿಳಿಯುತ್ತದೆ.

ಪ್ರಶ್ನೆ: ಇಂಥ ಆಟಕ್ಕೆ ನಾವು ರೋಲ್ 20 ಎಂಬ ಜಾಲತಾಣವನ್ನು ಬಳಸುತ್ತೇವೆ. ನಮ್ಮ ಆಟ ಆನೆಗೊಂದಿ, ಹಿರೇಬೆಣಕಲ್ ಸುತ್ತಮುತ್ತ ನಡೆಯುತ್ತದೆ. ಹುದುಗಿಟ್ಟ ನಿಧಿಯನ್ನು ತೋರಿಸುವ ಗುರುತುಗಳನ್ನು ನಿಜವಾದ ಜಾಗಗಳಲ್ಲಿಯೇ ಇಡಬೇಕೆಂದಿದ್ದೇನೆ. ಹೇಗೆ ಮಾಡುವುದು? (ಓದುಗರೊಬ್ಬರು, ಗಂಗಾವತಿ)

ಉತ್ತರ: ಮಾಡುವ ವಿಧಾನ ಸುಲಭ. ರೋಲ್ 20ರಲ್ಲಿ ನಕ್ಷೆಯು ಪದರ ಪದರವಾಗಿರುತ್ತದೆ. ಚಿಕ್ಕದೊಂದು ಚಿತ್ರವನ್ನು ಜಿಎಂ ಪದರದಲ್ಲಿ ಇಟ್ಟರೆ ಅದು ನಿಮಗೊಬ್ಬರಿಗೇ ಕಾಣುತ್ತದೆ. ಆಟಗಾರರು ಆ ಜಾಗವನ್ನು ಪತ್ತೆ ಹಚ್ಚಿದಾಗ ಮೌಸ್‌ನ ಬಲಗುಂಡಿ ಒತ್ತಿ ಅದನ್ನು ಟೋಕನ್ ಪದರಕ್ಕೆ ಸಾಗಿಸಿ. ವಿವರವನ್ನು ಅಲ್ಲಿನ ಟಿಪ್ಪಣಿ ಹಾಳೆಯಾದ ಹ್ಯಾಂಡೌಟ್‌ನಲ್ಲಿ ಬರೆದಿಡಿ. ಅದರಲ್ಲಿ ಆಟಗಾರರು ಓದುವ ಭಾಗ, ಜಿಎಂ ಮಾತ್ರ ಓದುವ ಭಾಗ ಎಂದು ಎರಡಿವೆ. ‘ಇಲ್ಲಿ ನೋಡಿ’ ಎಂದು ಗಳಿಗೆಯ ಮಟ್ಟಿಗೆ ತೋರಿಸುವುದಕ್ಕೆ ಗುರುತೇ ಬೇಡ. ನಕ್ಷೆಯ ಮೇಲೆ ಮೌಸ್ ಒತ್ತಿ ಹಿಡಿದರೆ ಎಲ್ಲರ ಪರದೆಯಲ್ಲೂ ಅಲ್ಲೊಂದು ಉಂಗುರ ಮಿಡಿಯುತ್ತದೆ.

ಆದರೆ ನಿಧಿಯ ವಿಷಯದಲ್ಲಿ ನಾವು ಬೇಡ ಎನ್ನುತ್ತೇವೆ. ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು 2019ರ ಜುಲೈನಲ್ಲಿ ನಿಧಿಯಾಸೆಗೆ ಕೆಡವಿದ್ದು ನಿಮ್ಮ ತಾಲ್ಲೂಕಿನಲ್ಲಿಯೇ. ಹಿರೇಬೆಣಕಲ್‌ನ ಗುಡ್ಡದ ಮೇಲಿರುವ ನೂರಾರು ಶಿಲಾಸಮಾಧಿಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಜನ ಅವುಗಳನ್ನು ‘ಮೋರೇರ ಮನೆ’ ಎನ್ನುತ್ತಾರೆ. ನಿಮ್ಮ ನಕ್ಷೆಯ ಚಿತ್ರವನ್ನು ಯಾರೋ ಒಬ್ಬರು ವಾಟ್ಸಾಪ್‌ಗೆ ಹಾಕಿದರೆ, ಮೂರನೆಯ ಗುಂಪನ್ನು ತಲುಪುವ ಹೊತ್ತಿಗೆ ಅದು ಆಟದ್ದೆಂಬ ಮಾತು ಕಳಚಿ, ಗುರುತಷ್ಟೇ ಉಳಿದಿರುತ್ತದೆ. ಗುಡ್ಡ, ಹೊಳೆ, ಊರುಗಳು ನಿಜವೇ ಇರಲಿ. ನಿಧಿ ಇರುವ ಗುಡಿಯನ್ನು ಮಾತ್ರ ಕಲ್ಪಿಸಿಕೊಳ್ಳಿ. ಹಿರೇಬೆಣಕಲ್‌ನಲ್ಲಿಯೇ ಗುರುತು ಬೇಕೆಂದರೆ ಅಲ್ಲೊಂದು ದೊಡ್ಡ ಕಲ್ಲುನಗಾರಿ ಇದೆ, ಬಡಿದರೆ ದೂರದವರೆಗೂ ದನಿ ಕೇಳುತ್ತದೆ. ಅದನ್ನು ಬಡಿದವರು ಯಾರು ಎಂಬ ಪ್ರಶ್ನೆಯೊಂದರಿಂದಲೇ ಒಂದು ಸಂಜೆಯ ಆಟ ಹುಟ್ಟಬಲ್ಲದು.

ಪ್ರಶ್ನೆ: ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಟಿಪ್ಪಣಿಗಳನ್ನು ಪಿನ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಜೊತೆಗೆ ನನ್ನ ನಕ್ಷೆ ಗೆಳೆಯರಿಗೆ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. (ಓದುಗರೊಬ್ಬರು, ಬಳ್ಳಾರಿ)

ಉತ್ತರ: ನೀವು ಹಳೆಯ ಆಸ್ಕಿ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದೀರಿ. ಅದರಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಬ್ರೌಸರಿಗೆ ಆ ಫಾಂಟ್ ಸಿಗದಿದ್ದಾಗ ವೇಷ ಕಳಚುತ್ತದೆ. ಬರಹವನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ. ಮುಂದೆ ಬರೆಯುವುದನ್ನು ಯೂನಿಕೋಡ್‌ನಲ್ಲಿಯೇ ಬರೆಯಿರಿ.

ನಕ್ಷೆ ನಿಧಾನವಾಗುವುದಕ್ಕೆ ಬಹುಪಾಲು ಕಾರಣ ಚಿತ್ರದ ಗಾತ್ರ. ರೋಲ್ 20ರಲ್ಲಿ ಒಂದು ಚೌಕಕ್ಕೆ 70 ಪಿಕ್ಸೆಲ್ ಲೆಕ್ಕ. 40 ಚೌಕ ಉದ್ದ, 40 ಚೌಕ ಅಗಲದ ನಕ್ಷೆಗೆ 2800 ಪಿಕ್ಸೆಲ್ ಉದ್ದಗಲ ಸಾಕಾಗುತ್ತದೆ. ಪಿಎನ್‌ಜಿ ಬದಲು ವೆಬ್‌ಪಿ ರೂಪದಲ್ಲಿ ಉಳಿಸಿದರೆ ಕಡತ ಬಹಳಷ್ಟು ಹಗುರವಾಗುತ್ತದೆ. ಫೌಂಡ್ರಿಯನ್ನು ನಿಮ್ಮ ಮನೆಯ ಕಂಪ್ಯೂಟರಿನಿಂದಲೇ ನಡೆಸುತ್ತಿದ್ದರೆ ಗೆಳೆಯರೆಲ್ಲರೂ ನಕ್ಷೆಯನ್ನು ಎಳೆದುಕೊಳ್ಳುವುದು ನಿಮ್ಮ ಮನೆಯಿಂದಲೇ ಆದ್ದರಿಂದ, ನೋಡಬೇಕಾದದ್ದು ನಿಮ್ಮ ಸಂಪರ್ಕದ ಡೌನ್‌ಲೋಡ್ ವೇಗವನ್ನಲ್ಲ, ಅಪ್‌ಲೋಡ್ ವೇಗವನ್ನು. ಕರೆಂಟು ಹೋದರೆ ಎಲ್ಲರ ಆಟವೂ ನಿಲ್ಲುತ್ತದೆ; ಬೇಸಿಗೆಯಲ್ಲಿ ಬಳ್ಳಾರಿಯಿಂದ ಆಟ ನಡೆಸುವವರು ಕಂಪ್ಯೂಟರಿನ ಜೊತೆಗೆ ವೈಫೈ ರೂಟರನ್ನೂ ಯುಪಿಎಸ್‌ಗೆ ಜೋಡಿಸಿಕೊಳ್ಳುವುದು ಒಳ್ಳೆಯದು.