ಡಾರ್ಕ್ ಎನರ್ಜಿ ಡಾರ್ಕ್ ಮ್ಯಾಟರ್ ಆಗಿ ಬದಲಾಗುತ್ತಿದ್ದರೆ ವಿಶ್ವ ಹಿಗ್ಗುವ ವೇಗ ಹೆಚ್ಚುವುದು ನಿಲ್ಲುತ್ತಾ?

ಸಣ್ಣ ಪ್ರಮಾಣದಲ್ಲಿ ಬದಲಾದರೆ ನಿಲ್ಲುವುದಿಲ್ಲ. ನಿಲ್ಲುತ್ತದೆ ಅಂದ, ನೀವು ನೋಡಿದ ವಿಡಿಯೋದವರು ಸ್ವಲ್ಪ ಜಾಸ್ತಿನೇ ಹೇಳಿದ್ದಾರೆ. ಡಾರ್ಕ್ ಎನರ್ಜಿ ಅಂದರೆ ವಿಶ್ವ ಹಿಗ್ಗುವ ವೇಗ ಹೆಚ್ಚಿಸುತ್ತಿದೆ ಅಂತ ನಂಬಿರುವ, ಏನೆಂದು ಇನ್ನೂ ಗೊತ್ತಿಲ್ಲದ ಶಕ್ತಿ. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಸುಳಿವು ಕೊಡುವ ವಸ್ತು.

1998ರಲ್ಲಿ ಎರಡು ತಂಡಗಳು ನೋಡಿದ ದೂರದ ಸೂಪರ್‌ನೋವಾಗಳು (ಸಿಡಿಯುವ ನಕ್ಷತ್ರಗಳು) ಲೆಕ್ಕಕ್ಕಿಂತ ಮಂಕಾಗಿ ಕಂಡವು. ಹಿಗ್ಗುವ ವೇಗ ಹೆಚ್ಚುತ್ತಿದೆ ಅಂತ ಗೊತ್ತಾಗಿದ್ದು ಹಾಗೆ. ಪರ್ಲ್‌ಮಟರ್, ಶ್ಮಿಟ್, ರೀಸ್ ಅವರಿಗೆ 2011ರ ನೊಬೆಲ್ ಬಂದಿದ್ದು ಇದಕ್ಕೇ. ಈಗಿನ ಮಾಮೂಲಿ ಮಾದರಿಯಲ್ಲಿ ವಿಶ್ವ ಪ್ರತಿ ದಿಕ್ಕಿಗೂ ಎರಡು ಪಟ್ಟು ಹಿಗ್ಗಿದರೆ ಡಾರ್ಕ್ ಮ್ಯಾಟರ್ ಸಾಂದ್ರತೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಡಾರ್ಕ್ ಎನರ್ಜಿ ಮಾತ್ರ ಇಳಿಯುವುದೇ ಇಲ್ಲ. ಒಂದು ಇಷ್ಟು ಬದಲಾಗಿ ಇನ್ನೊಂದು ಬದಲಾಗದೇ ಇದ್ದರೂ ನಮ್ಮ ಕಾಲದಲ್ಲೇ ಎರಡೂ ಹೆಚ್ಚುಕಮ್ಮಿ ಹತ್ತಿರ ಹತ್ತಿರ ಬಂದಿರುವುದು (ಸುಮಾರು ಶೇ. 70 ಮತ್ತು ಶೇ. 25) ವಿಚಿತ್ರ ಅಲ್ವಾ? ಎರಡರ ನಡುವೆ ಕೊಡು-ಕೊಳ್ಳು ಇರಬಹುದು ಅನ್ನುವ ಯೋಚನೆಗೆ ಇದೊಂದು ದೊಡ್ಡ ಕಾರಣ.

ಸಮೀಕರಣದಲ್ಲಿ ಈ ಕೊಡು-ಕೊಳ್ಳಿನ ಪ್ರಮಾಣವನ್ನು ಕ್ಯೂ (Q) ಅಂತ ಬರೆಯುತ್ತಾರೆ. ತಾಪತ್ರಯ ಇರುವುದು ಅಲ್ಲೇ. ಕ್ಯೂ ಹೇಗಿರಬೇಕು ಅಂತ ಯಾವ ಮೂಲ ಸಿದ್ಧಾಂತವೂ ಖಚಿತವಾಗಿ ಹೇಳಿಕೊಟ್ಟಿಲ್ಲ, ಹೆಚ್ಚಿನವರು ಲೆಕ್ಕಕ್ಕೆ ಅನುಕೂಲವಾಗುವ ರೂಪ ಆರಿಸಿಕೊಳ್ಳುತ್ತಾರೆ.

ಒಂದು ರೂಪ ಹಿಡಿದು ನೋಡೋಣ. ಡಾರ್ಕ್ ಎನರ್ಜಿಯಿಂದ ಡಾರ್ಕ್ ಮ್ಯಾಟರ್‌ಗೆ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗಿ, ಅದು ಹಿಗ್ಗಿನ 3ನೇ ಘಾತದ ಬದಲು 2.9ನೇ ಘಾತದಲ್ಲಿ ತೆಳುವಾಗುತ್ತದೆ ಅಂದುಕೊಳ್ಳಿ. ಎರಡು ಪಟ್ಟು ಹಿಗ್ಗಿದಾಗ ಎಂಟರಲ್ಲಿ ಒಂದರ ಬದಲು ಸುಮಾರು ಏಳೂವರೆಯಲ್ಲಿ ಒಂದು ಪಾಲು ಉಳಿಯುತ್ತದೆ. ಏನೂ ಅಲ್ಲ ಅನಿಸುತ್ತದೆ. ಆದರೆ ಇದನ್ನೇ ಹಿಂದಕ್ಕೆ ಓಡಿಸಿ, ಕಾಸ್ಮಿಕ್ ಮೈಕ್ರೋವೇವ್ ಬೆಳಕು (ನಮಗೆ ಸಿಗುವ ಅತಿ ಹಳೆಯ ಬೆಳಕು) ಹೊರಟ ಕಾಲಕ್ಕೆ, ಅಂದರೆ ವಿಶ್ವ ಈಗಿನ ಅಳತೆಯ 1,100ರಲ್ಲಿ ಒಂದು ಪಾಲು ಇದ್ದಾಗಿನ ಹೊತ್ತಿಗೆ ಹೋದರೆ, ಡಾರ್ಕ್ ಮ್ಯಾಟರ್ ಮಾಮೂಲಿ ಲೆಕ್ಕದ ಅರ್ಧದಷ್ಟೇ ಇರಬೇಕಾಗುತ್ತದೆ! ಈ ಬೆಳಕನ್ನು ಅಳೆದ ಪ್ಲ್ಯಾಂಕ್ ಉಪಗ್ರಹದ ಮಾಪನಗಳು ಇದಕ್ಕೆ ಒಪ್ಪುವುದಿಲ್ಲ. ಅದಕ್ಕೇ ಈಗ ಬಹಳ ಜನ ಕ್ಯೂವನ್ನು ಡಾರ್ಕ್ ಎನರ್ಜಿಯ ಪ್ರಮಾಣಕ್ಕೆ ಕಟ್ಟುತ್ತಾರೆ. ಆಗ ಪರಿಣಾಮ ಇತ್ತೀಚಿನ ಕಾಲದಲ್ಲಿ ಮಾತ್ರ ಕಾಣುತ್ತದೆ, ಹಳೆಯ ಬೆಳಕಿನ ಜೊತೆ ಜಗಳ ಕಮ್ಮಿ. ಹುಷಾರಿ ಉಪಾಯ, ಆದರೆ ನನಗೆ ಸ್ವಲ್ಪ ತೇಪೆ ಹಚ್ಚಿದ ಹಾಗೆ ಕಾಣುತ್ತದೆ.

ಈ ಎರಡನೇ ರೂಪದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಡಾರ್ಕ್ ಎನರ್ಜಿ ನಿಧಾನವಾಗಿ ಇಳಿಯುತ್ತದೆ, ಕೊನೆಗೆ ಎರಡರ ಅನುಪಾತ ಒಂದು ಕಡೆ ನಿಂತುಬಿಡುತ್ತದೆ, ವರ್ಗಾವಣೆ ಚಿಕ್ಕದಿದ್ದರೆ ವೇಗ ಹೆಚ್ಚುತ್ತಲೇ ಇರುತ್ತದೆ. ಮಾಮೂಲಿ ಮಾದರಿಗಿಂತ ಸ್ವಲ್ಪ ಮೆತ್ತಗೆ, ಅಷ್ಟೇ.

2025ರಲ್ಲಿ ಅರಿಜೋನಾದಿಂದ ಗೆಲಾಕ್ಸಿಗಳ ನಕ್ಷೆ ಮಾಡುವ ಡೆಸಿ (DESI) ಸಮೀಕ್ಷೆಯವರು ಡಾರ್ಕ್ ಎನರ್ಜಿ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದು ಅಂದ ಮೇಲೆ ಇಂಥ ಮಾದರಿಗಳಿಗೆ ಮತ್ತೆ ಬೇಡಿಕೆ ಬಂದಿದೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸಿಕೊಂಡರು ಅನ್ನುವುದರ ಮೇಲೆ ಅವರ ಸುಳಿವು 2.8ರಿಂದ 4.2 ಸಿಗ್ಮಾ (ಫಲಿತಾಂಶ ಬರೀ ಆಕಸ್ಮಿಕ ಅಲ್ಲ ಅನ್ನುವ ಖಾತ್ರಿಯ ಅಳತೆ). ಕಂಡುಹಿಡಿದೆವು ಅನ್ನಲು 5 ಬೇಕು. ಅದೂ ಬರೀ ಹಿಗ್ಗಿನ ವೇಗ ನೋಡಿದರೆ, ಡಾರ್ಕ್ ಎನರ್ಜಿ ತಾನಾಗೇ ಬದಲಾಗುತ್ತಿದೆಯೋ ಡಾರ್ಕ್ ಮ್ಯಾಟರ್‌ಗೆ ಹೋಗುತ್ತಿದೆಯೋ ಹೇಳುವುದು ಕಷ್ಟ. ಗೆಲಾಕ್ಸಿಗಳ ಗುಂಪುಗಳು ಎಷ್ಟು ಬೇಗ ಬೆಳೆದವು ಅನ್ನುವುದನ್ನೂ ಜೊತೆಗೆ ಅಳೆಯಬೇಕು. ಆ ವಿಡಿಯೋದವರು ಯಾವ ಕ್ಯೂ ಹಾಕಿದ್ದರು ಅಂತ ಹೇಳಿದ್ದಾರಾ? ಲಿಂಕ್ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.